ಸೈಕಲ್ ಸರಪಳಿ ಸವೆದುದನ್ನು ಅರಿಯುವ ಬಗೆ

ದಾವಣಗೆರೆಯಿಂದ ಹರಿಹರಕ್ಕೆ ಸುಮಾರು 14 ಕಿಲೋಮೀಟರು. ಈ ದಾರಿಯನ್ನು ಸೈಕಲ್ಲಿನಲ್ಲಿ ಒಮ್ಮೆ ಕ್ರಮಿಸುವಷ್ಟರಲ್ಲಿ ಸರಪಳಿಯ ಒಂದೊಂದು ಕೀಲೂ ಎಷ್ಟು ಬಾರಿ ಮಣಿಯುತ್ತದೆಂಬುದನ್ನು ವಾಚಕರು ಯೋಚಿಸಿರುವರೇ? 28 ಅಂಗುಲದ ಗಾಲಿ ಒಂದು ಸುತ್ತಿಗೆ ಸುಮಾರು 2.2 ಮೀಟರು ಸಾಗುತ್ತದೆ. ಹಿಂದಿನ ಹಲ್ಲುಚಕ್ರಕ್ಕೆ 18 ಹಲ್ಲುಗಳೂ ಸರಪಳಿಗೆ 100 ಕೊಂಡಿಗಳೂ ಇವೆಯೆಂದು ಹಿಡಿದು, ತುಳಿತವನ್ನು ಎಲ್ಲಿಯೂ ನಿಲ್ಲಿಸಲಿಲ್ಲವೆಂದುಕೊಂಡರೆ, ಹರಿಹರ ಮುಟ್ಟುವುದರೊಳಗೆ ಸರಪಳಿ 1,100ಕ್ಕೂ ಹೆಚ್ಚು ಸಲ ಸುತ್ತಿರುತ್ತದೆ. ಎರಡು ಚಕ್ರಗಳನ್ನು ಏರುವಾಗಲೂ ಇಳಿಯುವಾಗಲೂ ಕೀಲು ಮಣಿಯಬೇಕಾದುದರಿಂದ, ಪ್ರತಿ ಸುತ್ತಿಗೆ ನಾಲ್ಕರಂತೆ ಮೊತ್ತ 4,500ರ ಸಮೀಪಕ್ಕೆ ಬರುತ್ತದೆ.

ಸವೆತ ನಡೆಯುವುದು ಇಲ್ಲಿಯೇ. ಚೈನು ಹಿಗ್ಗಿದೆಯೆಂದು ಜನ ಹೇಳುವುದುಂಟು. ಆದರೆ ಉಕ್ಕಿನ ಪಟ್ಟಿಗಳು ಹಿಗ್ಗಿರುವುದಿಲ್ಲ. ಕೀಲಿನ ಮೊಳೆಯೂ ಅದನ್ನು ಆವರಿಸಿದ ಕೊಳವೆಯೂ ಪರಸ್ಪರ ಉಜ್ಜಿ ತೆಳ್ಳಗಾಗಿರುತ್ತವೆ. ಎಣ್ಣೆಗೆ ಅಂಟಿದ ಧೂಳು, ಮರಳು ಸಾಣೆಯ ಪುಡಿಯ ಕೆಲಸ ಮಾಡುತ್ತವೆ. ಈ ಮೊಳೆ, ಕೊಳವೆ, ಉರುಳೆಗಳ ಸರಪಳಿಯನ್ನು 1880ರಲ್ಲಿ ಹಾನ್ಸ್ ರೆನಾಲ್ಡ್ ಎಂಬಾತ ರೂಪಿಸಿದುದು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ. ಹತ್ತಿಯ ಗಿರಣಿಗಳ ಕಾಲದಲ್ಲಿ ದಾವಣಗೆರೆಗೆ ಹೋಲಿಕೆಯಾಗಿ ಬಂದ ಹೆಸರೂ ಆ ಊರಿನದೇ!

ಸರಪಳಿ ಜೋತುಬಿದ್ದರೆ ಹಿಂದಿನ ಗಾಲಿಯನ್ನು ಹಿಂದಕ್ಕೆ ಸರಿಸುವುದೋ, ಎರಡು ಕೊಂಡಿ ತೆಗೆಯುವುದೋ ರೂಢಿ. ಇದರಿಂದ ಜೋಲು ಹೋಗುತ್ತದೆ, ಸವೆತ ಹೋಗುವುದಿಲ್ಲ. ಆದುದರಿಂದ ಸಡಿಲವನ್ನಲ್ಲ, ಉದ್ದವನ್ನು ಅಳೆಯಬೇಕು. ಹೊಸ ಸರಪಳಿಯಲ್ಲಿ ಮೊಳೆಯಿಂದ ಮೊಳೆಗೆ ಅರ್ಧ ಅಂಗುಲ; 24 ಕೊಂಡಿಗಳಿಗೆ ಸರಿಯಾಗಿ 12 ಅಂಗುಲ. ಸರಪಳಿಯನ್ನು ಬಿಗಿಹಿಡಿದು, ಒಂದು ಮೊಳೆಯ ನಡುವಿಗೆ ಉಕ್ಕಿನ ಅಳತೆಪಟ್ಟಿಯ ಸೊನ್ನೆಯನ್ನು ಹೊಂದಿಸಿ, ಅಲ್ಲಿಂದ 24ನೆಯ ಮೊಳೆಯನ್ನು ನೋಡಿರಿ. ಅದರ ನಡು 12 ಅಂಗುಲದ ಗೆರೆಯನ್ನು 1/16 ಅಂಗುಲದಷ್ಟು ದಾಟಿದ್ದರೆ ಸರಪಳಿಯನ್ನು ಬದಲಾಯಿಸತಕ್ಕದ್ದು. 1/8 ಅಂಗುಲ ದಾಟಿದ್ದರೆ ಹಲ್ಲುಚಕ್ರಗಳೂ ಕೆಟ್ಟಿರುವ ಸಂಭವವೇ ಹೆಚ್ಚು. ಹಲವು ಗೇರುಗಳ ಸೈಕಲ್ಲಿನ ಕಿರಿದಾದ ಸರಪಳಿಗೆ ಮೊದಲನೆಯ ಮಿತಿಯನ್ನು ಮೀರಗೊಡಲೇಬಾರದು.

1/16 ಅಂಗುಲವೆಂದರೆ ಕೀಲೊಂದಕ್ಕೆ 0.066 ಮಿಲಿಮೀಟರು, ಕೂದಲೆಳೆಯಷ್ಟು. ಆದರೆ 1941ರಲ್ಲಿ ಆರಂಭವಾಗಿ ಈಗ ಮುಚ್ಚಿಹೋಗಿರುವ ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದಂಥ ಲೇತಿನ ಮುಂದೆ ನಿಂತು ದುಡಿದವರು ಇದನ್ನು ಅಲ್ಪವೆನ್ನಲಾರರು. ಉದ್ದವಾದ ಸರಪಳಿಯ ಉರುಳೆಗಳು ಹಲ್ಲಿನ ಬುಡದಲ್ಲಿ ಕೂರದೆ ಮೇಲಕ್ಕೇರಿ, ಹಲ್ಲುಗಳನ್ನು ಕೊಕ್ಕೆಯ ಆಕಾರಕ್ಕೆ ತರುತ್ತವೆ. ಅಂಥ ಹಲ್ಲಿಗೆ ಹೊಸ ಸರಪಳಿಯನ್ನು ಹಾಕಿದರೆ ಅದು ಜಾರುತ್ತದೆ. ಜಾರುವುದೂ ಸಮತಟ್ಟಿನಲ್ಲಲ್ಲ, ಸವಾರ ಏರಿನಲ್ಲಿ ಎದ್ದುನಿಂತು ಮೈಭಾರವನ್ನೆಲ್ಲ ಪೆಡಲಿನ ಮೇಲೆ ಹಾಕಿದಾಗ, ಹಿಂದೆ ಲಾರಿ ಬರುತ್ತಿರುವಾಗ.