ಎರಡು ಸರಕಾರ, ನಾಲ್ಕು ಪ್ರಾಂತ್ಯ, ಒಂದೇ ತಂಡ: ಐರ್ಲೆಂಡಿನ ರಗ್ಬಿ ಶಾಖೆಗಳ ಕಥೆ

ನಮ್ಮ ಕರಾವಳಿಯಿಂದ ದಾದಿಯರಾಗಿ ಐರ್ಲೆಂಡಿಗೆ ಹೋಗಿ ನೆಲೆಸಿದ ಕುಟುಂಬಗಳು ಇಂದು ಹಲವು. ಅಲ್ಲಿ ಹುಟ್ಟಿ ಬೆಳೆದ ಮಕ್ಕಳು ರಜೆಯಲ್ಲಿ ಊರಿಗೆ ಬಂದಾಗ ಕ್ರಿಕೆಟಿನ ಬದಲು ರಗ್ಬಿಯ ಸುದ್ದಿ ಹೇಳುವುದುಂಟು. ಅಜ್ಜ ಅಜ್ಜಿಯರಿಗೆ ಅದು ಮೊಟ್ಟೆಯಾಕಾರದ ಚೆಂಡನ್ನು ಅಪ್ಪಿಕೊಂಡು ಓಡುವ, ಒಬ್ಬರ ಮೇಲೊಬ್ಬರು ಬೀಳುವ ಆಟವಾಗಿ ಮಾತ್ರ ಕಾಣುತ್ತದೆ. ಆದರೆ ಆ ಆಟವನ್ನು ಅಲ್ಲಿ ನಡೆಸುತ್ತಿರುವ ವ್ಯವಸ್ಥೆಯಲ್ಲಿ ನಮ್ಮ ಧರ್ಮಕೇಂದ್ರಗಳ ಕಾರ್ಯಕರ್ತರು ಅರಿತುಕೊಳ್ಳಬೇಕಾದ ಸಂಗತಿಗಳಿವೆ. ಆದ್ದರಿಂದ ಈ ಬಾರಿ ಅದನ್ನೇ ಪರಿಚಯಿಸುತ್ತಿದ್ದೇವೆ.

ಶಾಖೆ ಎಂದರೇನು?

ರಗ್ಬಿ ಯೂನಿಯನ್ ಆಟದಲ್ಲಿ ತಂಡಕ್ಕೆ 15 ಮಂದಿ. ಚೆಂಡನ್ನು ಕೈಯಲ್ಲಿ ಹಿಡಿದು ಓಡಬಹುದು, ಒದೆಯಬಹುದು; ಆದರೆ ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ, ಪಕ್ಕಕ್ಕೆ ಅಥವಾ ಹಿಂದಕ್ಕೆ ಮಾತ್ರ ಕೊಡಬೇಕು. ಐರ್ಲೆಂಡಿನಲ್ಲಿ ಈ ಆಟದ ಆಡಳಿತ ನಡೆಸುವುದು ಐರಿಷ್ ರಗ್ಬಿ ಫುಟ್‌ಬಾಲ್ ಯೂನಿಯನ್. 1874-75ರಲ್ಲಿ ಡಬ್ಲಿನ್ ಕಡೆಯವರದ್ದು ಒಂದು, ಬೆಲ್‌ಫಾಸ್ಟ್ ಕಡೆಯವರದ್ದು ಇನ್ನೊಂದು ಎಂದು ಎರಡು ಸಂಘಗಳು ಹುಟ್ಟಿಕೊಂಡಿದ್ದವು. 1875ರಲ್ಲಿ ಇಂಗ್ಲೆಂಡಿನ ವಿರುದ್ಧ ಮೊದಲ ಪಂದ್ಯ ಆಡಿದಾಗಲೂ ಇವು ಬೇರೆ ಬೇರೆಯೇ ಇದ್ದವು. 1879ರಲ್ಲಿ ಒಂದಾಗಲು ಒಪ್ಪಿದವು. ಆಗ ಮಾಡಿಕೊಂಡ ಏರ್ಪಾಡು ಸರಳವಾದುದು: ದೇಶದ ಹಳೆಯ ಪ್ರಾಂತ್ಯಗಳಾದ ಲೆನ್‌ಸ್ಟರ್, ಮನ್‌ಸ್ಟರ್, ಅಲ್‌ಸ್ಟರ್‌ಗಳಿಗೆ ಒಂದೊಂದು ಶಾಖೆ. ಪಶ್ಚಿಮದ ಕನ್ಯಾಕ್ಟ್ ಪ್ರಾಂತ್ಯದ ಶಾಖೆ ಕೆಲವು ವರ್ಷಗಳ ನಂತರ ಸೇರಿಕೊಂಡಿತು.

ನಮ್ಮವರಿಗೆ ಅರ್ಥವಾಗುವಂತೆ ಹೇಳುವುದಾದರೆ, ಕ್ಲಬ್ಬು ಎಂಬುದು ವಾಳೆಯಿದ್ದಂತೆ. ಶಾಖೆಯೆಂಬುದು ಹಲವು ವಾಳೆಗಳನ್ನು ಜೊತೆಗೂಡಿಸುವ ಮಂಡಳಿಯಂತೆ. ಕ್ಲಬ್ಬುಗಳು ಮತ್ತು ಶಾಲೆಗಳು ಶಾಖೆಗೆ ಸೇರುತ್ತವೆ. ಪಂದ್ಯಾವಳಿಗಳನ್ನು ನಡೆಸುವುದು, ಅಂಪೈರರ ಸ್ಥಾನದಲ್ಲಿರುವ ರೆಫ್ರಿಗಳನ್ನು ಕಳುಹಿಸುವುದು, ತಪ್ಪು ಮಾಡಿದ ಆಟಗಾರನ ವಿಚಾರಣೆ ನಡೆಸುವುದು, ಮಕ್ಕಳ ತರಬೇತಿಗೆ ಜನರನ್ನು ಸಿದ್ಧಗೊಳಿಸುವುದು, ಪ್ರಾಂತ್ಯದ ತಂಡವನ್ನು ಆರಿಸುವುದು ಇವೆಲ್ಲ ಶಾಖೆಯ ಕೆಲಸಗಳು. ಶಾಖೆಯ ಪ್ರತಿನಿಧಿಗಳು ಕೇಂದ್ರ ಯೂನಿಯನ್ನಿನಲ್ಲಿ ಕುಳಿತು ಮಾತನಾಡುತ್ತಾರೆ. ಈ ಕೆಲಸದ ಬಹುಪಾಲನ್ನು ದಶಕಗಳ ಕಾಲ ಹೊತ್ತವರು ಸಂಬಳವಿಲ್ಲದ ಸ್ವಯಂಸೇವಕರು.

ಗಡಿ ಬಂದಾಗ

1921-22ರಲ್ಲಿ ಐರ್ಲೆಂಡ್ ಎರಡಾಯಿತು. ಅಲ್‌ಸ್ಟರಿನ ಒಂಬತ್ತು ಕೌಂಟಿಗಳ ಪೈಕಿ ಆರು ಬ್ರಿಟನ್ನಿನೊಂದಿಗೆ ಉಳಿದು ಉತ್ತರ ಐರ್ಲೆಂಡ್ ಆದವು. ಡೊನೆಗಾಲ್, ಕ್ಯಾವನ್, ಮೊನಹನ್ ದಕ್ಷಿಣಕ್ಕೆ ಸೇರಿದವು. ಫುಟ್‌ಬಾಲ್ ಸಂಘ 1921ರಲ್ಲೇ ಒಡೆದು ಎರಡಾಯಿತು. ರಗ್ಬಿ ಒಡೆಯಲಿಲ್ಲ. ಅಲ್‌ಸ್ಟರ್ ಶಾಖೆ ಇಂದಿಗೂ ಗಡಿಯ ಆಚೀಚೆಯ ಒಂಬತ್ತೂ ಕೌಂಟಿಗಳನ್ನು ನೋಡಿಕೊಳ್ಳುತ್ತದೆ. ಯಾವ ಸರಕಾರದ ಬಾವುಟ ಎಂಬ ಜಗಳ ಬೇಡವೆಂದು 1925ರಲ್ಲಿ ನಾಲ್ಕು ಪ್ರಾಂತ್ಯಗಳ ಲಾಂಛನಗಳಿರುವ ಸ್ವಂತ ಬಾವುಟವನ್ನು ಯೂನಿಯನ್ ಮಾಡಿಕೊಂಡಿತು. 1995ರಲ್ಲಿ ಎರಡೂ ಕಡೆಯವರು ಹಾಡಬಹುದಾದ ಒಂದು ಹಾಡನ್ನೂ ಬರೆಸಿತು.

ಕಥೋಲಿಕ ಸಭೆಯೂ ಅಲ್ಲಿ ಒಡೆಯಲಿಲ್ಲ ಎಂಬುದನ್ನು ಇಲ್ಲಿ ನೆನಪಿಸಿಕೊಳ್ಳಬಹುದು. 1152ರ ಕೆಲ್ಸ್ ಸಿನೊಡ್ ಗೊತ್ತುಪಡಿಸಿದ ಮಹಾಧರ್ಮಪ್ರಾಂತ್ಯಗಳೂ ನಾಲ್ಕೇ: ಆರ್ಮಾ, ಡಬ್ಲಿನ್, ಕ್ಯಾಶೆಲ್, ಟುವಾಮ್. ಆರ್ಮಾ ಮಹಾಧರ್ಮಪ್ರಾಂತ್ಯ ಇಂದಿಗೂ ಗಡಿಯ ಎರಡೂ ಬದಿಗೆ ಹರಡಿಕೊಂಡಿದೆ.

ಒಂದಾಗಿ ಉಳಿಯುವುದು ಸುಲಭವಾಗಿತ್ತು ಎಂದು ಯಾರೂ ತಿಳಿಯಬಾರದು. ಅಲ್‌ಸ್ಟರಿನಲ್ಲಿ ರಗ್ಬಿ ಬಹುಮಟ್ಟಿಗೆ ಪ್ರೊಟೆಸ್ಟೆಂಟ್ ಶಾಲೆಗಳ ಆಟ. ಅಲ್ಲಿನ ಕಥೋಲಿಕ ಹುಡುಗರು ಗೇಲಿಕ್ ಆಟಗಳತ್ತ ಹೋಗುತ್ತಿದ್ದರು. ರಗ್ಬಿ, ಕ್ರಿಕೆಟ್ ಮುಂತಾದ ‘ಪರಕೀಯ’ ಆಟಗಳನ್ನು ಆಡಿದವರನ್ನು ಗೇಲಿಕ್ ಸಂಘವು ಹೊರಹಾಕುವ ನಿಯಮ 1971ರ ವರೆಗೂ ಇತ್ತು. 1972ರ ಜನವರಿಯಲ್ಲಿ ಡೆರಿಯಲ್ಲಿ ಸೈನಿಕರ ಗುಂಡಿಗೆ ಜನ ಬಲಿಯಾದ ಮೇಲೆ ಪರಿಸ್ಥಿತಿ ಕೆಟ್ಟು, ಸ್ಕಾಟ್ಲೆಂಡ್ ಮತ್ತು ವೇಲ್ಸ್ ತಂಡಗಳು ಆ ವರ್ಷ ಡಬ್ಲಿನ್ನಿಗೆ ಬರಲಿಲ್ಲ. ಮರುವರ್ಷ ಇಂಗ್ಲೆಂಡ್ ಬಂದಾಗ ಮೈದಾನದಲ್ಲಿ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

1987ರ ಎಪ್ರಿಲ್ 25ರಂದು ಅಲ್‌ಸ್ಟರಿನ ಮೂವರು ಆಟಗಾರರಾದ ನೈಜಲ್ ಕಾರ್, ಡೇವಿಡ್ ಅರ್ವಿನ್ ಮತ್ತು ಫಿಲಿಪ್ ರೈನಿ ಒಂದೇ ಕಾರಿನಲ್ಲಿ ಡಬ್ಲಿನ್ನಿಗೆ ಅಭ್ಯಾಸಕ್ಕೆ ಹೊರಟಿದ್ದರು. ಮೊದಲ ವಿಶ್ವಕಪ್ಪಿಗೆ ಕೆಲವೇ ವಾರಗಳಿದ್ದವು. ಗಡಿಯ ಬಳಿ ನ್ಯಾಯಾಧೀಶರೊಬ್ಬರನ್ನು ಗುರಿಯಾಗಿಸಿ ಐಆರ್‌ಎ ಇಟ್ಟ ಬಾಂಬು ಎದುರಿನಿಂದ ಬರುತ್ತಿದ್ದ ಅವರ ಕಾರಿನ ಪಕ್ಕ ಸಿಡಿಯಿತು. ನ್ಯಾಯಾಧೀಶ ಮೊರಿಸ್ ಗಿಬ್ಸನ್ ಮತ್ತು ಅವರ ಪತ್ನಿ ಸಿಸಿಲಿ ಅಲ್ಲಿಯೇ ಮಡಿದರು. ಗಾಯಗೊಂಡ ಕಾರ್ ಅವರಿಗೆ ಮತ್ತೆ ಆ ಮಟ್ಟದಲ್ಲಿ ಆಡಲಾಗಲಿಲ್ಲ. ಅದಾದ ಮೇಲೂ ಅಲ್‌ಸ್ಟರಿನ ಹುಡುಗರು ಅದೇ ಗಡಿ ದಾಟಿ ಡಬ್ಲಿನ್ನಿಗೆ ಹೋಗುತ್ತಲೇ ಇದ್ದರು. ಒಂದು ಕಾಗದದ ಒಪ್ಪಂದವಲ್ಲ, ಇಂತಹ ಪ್ರಯಾಣಗಳೇ ಆ ತಂಡವನ್ನು ಒಂದಾಗಿ ಉಳಿಸಿದವು ಎಂದು ನಮಗೆ ಅನಿಸುತ್ತದೆ.

ಮನ್‌ಸ್ಟರಿನ ಮಂಗಳವಾರ

ದಕ್ಷಿಣದಲ್ಲಿ ಆಟ ಬೆಳೆದ ರೀತಿ ಬೇರೆ. ಜೆಸ್ವಿತರ ಕ್ಲೊಂಗೊಸ್ ಮತ್ತು ಬೆಲ್ವಡೀರ್, ಪವಿತ್ರಾತ್ಮರ ಸಭೆಯ ಗುರುಗಳ ಬ್ಲ್ಯಾಕ್‌ರಾಕ್ ಮತ್ತು ರಾಕ್‌ವೆಲ್ ಶಾಲೆಗಳು ರಗ್ಬಿಗೆ ಹೆಸರಾದವು. ಮುಂದೆ ದೇಶದ ಪ್ರಧಾನಿಯೂ ರಾಷ್ಟ್ರಪತಿಯೂ ಆದ ಏಮನ್ ಡಿ ವೆಲೆರಾ ರಾಕ್‌ವೆಲ್‌ನಲ್ಲಿ ಗಣಿತ ಕಲಿಸುತ್ತಿದ್ದಾಗ ಅಲ್ಲಿ ರಗ್ಬಿ ಆಡಿದ್ದರು. 1949ರಲ್ಲಿ ಫಾದರ್ ಟಾಮ್ ಗ್ಯಾವಿನ್ ಎಂಬ ಧರ್ಮಗುರು ಐರ್ಲೆಂಡ್ ತಂಡದಲ್ಲೇ ಆಡಿದರು. ಆದರೆ ಮನ್‌ಸ್ಟರಿನ ಲಿಮರಿಕ್ ಪಟ್ಟಣದಲ್ಲಿ ಆಟ ಶಾಲೆಗಳ ಗೋಡೆ ದಾಟಿ ಕೂಲಿಕಾರರ ಕೇರಿಗಳಿಗೆ ಇಳಿಯಿತು. ಅಲ್ಲಿ ವೈದ್ಯನೂ ಬಂದರಿನ ಕಾರ್ಮಿಕನೂ ಒಂದೇ ಆಟ ಆಡುವವರು, ಒಂದೇ ಆಟ ನೋಡುವವರು.

1978ರ ಅಕ್ಟೋಬರ್ 31, ಮಂಗಳವಾರ. ಲಿಮರಿಕ್‌ನ ಥೋಮಂಡ್ ಪಾರ್ಕಿನಲ್ಲಿ ಮನ್‌ಸ್ಟರ್ ತಂಡ ನ್ಯೂಜಿಲೆಂಡಿನ ಪ್ರಸಿದ್ಧ ‘ಆಲ್ ಬ್ಲ್ಯಾಕ್ಸ್’ ತಂಡವನ್ನು 12-0 ಅಂಕಗಳಿಂದ ಸೋಲಿಸಿತು. ಅದುವರೆಗೆ ಐರ್ಲೆಂಡಿನ ಯಾವ ತಂಡವೂ ಅವರನ್ನು ಸೋಲಿಸಿರಲಿಲ್ಲ. ಅಂದು ಗೆದ್ದವರೆಲ್ಲ ಹವ್ಯಾಸಿಗಳು. ಹೊಟ್ಟೆಪಾಡಿಗೆ ಬೇರೆ ಉದ್ಯೋಗವಿದ್ದವರು. ಅವರನ್ನು ಸಿದ್ಧಪಡಿಸಿದ ಟಾಮ್ ಕೀರ್ನನ್ ಲೆಕ್ಕಪರಿಶೋಧಕರು. ನಾಯಕ ಡೊನಾಲ್ ಕ್ಯಾನಿಫ್ ಅವರ ತಂದೆ ಅದೇ ದಿನ ತೀರಿಕೊಂಡರು. ಗೆಲುವಿನ ಸಂಭ್ರಮದ ಹೊತ್ತಿನಲ್ಲೇ ಮಗನಿಗೆ ಆ ಸುದ್ದಿ ತಲುಪಿತು.

ಹಣದ ಪ್ರಶ್ನೆ

ಹವ್ಯಾಸಿ ಎಂಬ ಪದಕ್ಕೆ ಎರಡು ಮುಖಗಳಿವೆ. 1895ರಲ್ಲಿ ಇಂಗ್ಲೆಂಡಿನ ಉತ್ತರದ ಕ್ಲಬ್ಬುಗಳು, ಆಟಕ್ಕಾಗಿ ಶನಿವಾರದ ಕೂಲಿ ಕಳೆದುಕೊಳ್ಳುವ ಗಣಿ ಮತ್ತು ಗಿರಣಿ ಕಾರ್ಮಿಕರಿಗೆ ಆ ನಷ್ಟ ತುಂಬಿಕೊಡಲು ಕೇಳಿದವು. ಒಪ್ಪಿಗೆ ಸಿಗದೆ ಅವು ಹೊರನಡೆದವು. ಮುಂದೆ ಅದೇ ರಗ್ಬಿ ಲೀಗ್ ಎಂಬ ಬೇರೆ ಆಟವಾಯಿತು. ಹಣ ಮುಟ್ಟಬಾರದು ಎಂಬ ನಿಯಮ ಉಳ್ಳವರಿಗೆ ಗೌರವ, ಇಲ್ಲದವರಿಗೆ ತಡೆಗೋಡೆ. ಇದನ್ನು ಮರೆತು ಹಳೆಯ ಕಾಲವನ್ನು ಹೊಗಳುವುದು ನ್ಯಾಯವಲ್ಲ.

1995ರ ಆಗಸ್ಟಿನಲ್ಲಿ ಆ ನಿಯಮ ಹೋಯಿತು. ಪ್ರಾಂತ್ಯದ ತಂಡಗಳು ವೃತ್ತಿಪರವಾದವು. ಮನ್‌ಸ್ಟರ್ 2006 ಮತ್ತು 2008ರಲ್ಲಿ ಯುರೋಪಿನ ಹೈನಿಕೆನ್ ಕಪ್ ಗೆದ್ದಿತು. ಆದರೆ ಇದರ ಬೆಲೆಯನ್ನು ತೆತ್ತದ್ದು ಕ್ಲಬ್ಬುಗಳು. 1990ರಲ್ಲಿ ಆರಂಭವಾದ ಅಖಿಲ ಐರ್ಲೆಂಡ್ ಲೀಗ್ ಪಂದ್ಯಗಳಿಗೆ ಸಾವಿರಾರು ಜನ ಸೇರುತ್ತಿದ್ದ ಶಾನನ್, ಗ್ಯಾರಿಓವನ್, ಯಂಗ್ ಮನ್‌ಸ್ಟರ್ ಕ್ಲಬ್ಬುಗಳ ಉತ್ತಮ ಆಟಗಾರರು ಪ್ರಾಂತ್ಯದ ಪಾಲಾದರು. ನೋಡುವವರೂ ಅವರ ಹಿಂದೆ ಹೋದರು. ಈಗ ಶಾಖೆಗೆ ಎರಡು ಹೊರೆ: ಒಂದು ಕೈಯಲ್ಲಿ ಸಂಬಳದ ತಂಡ, ಇನ್ನೊಂದು ಕೈಯಲ್ಲಿ ಭಾನುವಾರ ಬೆಳಿಗ್ಗೆ ಕೆಸರಿನಲ್ಲಿ ಆಡುವ ಎಂಟು ವರ್ಷದ ಮಕ್ಕಳು. ಮೊದಲನೆಯದು ಟಿವಿಯಲ್ಲಿ ಕಾಣುತ್ತದೆ. ಆದರೆ ಎರಡನೆಯದು ನಿಂತರೆ ಮೊದಲನೆಯದಕ್ಕೆ ಆಟಗಾರರು ಎಲ್ಲಿಂದ ಬಂದಾರು?

ನಮ್ಮ ಮಾತು

ಪ್ರತಿಯೊಂದು ಧರ್ಮಕೇಂದ್ರದಲ್ಲೂ ಗುರಿಕಾರರು, ಕ್ರೀಡಾಕೂಟದ ಮೈದಾನಕ್ಕೆ ಸುಣ್ಣದ ಗೆರೆ ಎಳೆಯುವವರು, ಮಕ್ಕಳಿಗೆ ಶರಬತ್ತು ಮಾಡಿಕೊಡುವವರು ಇದ್ದಾರೆ. ಅವರ ಹೆಸರು ವರದಿಗಳಲ್ಲಿ ಬರುವುದು ಕಡಿಮೆ. ಗಡಿ, ಬಾಂಬು, ಹಣ ಈ ಮೂರನ್ನೂ ದಾಟಿ ಐರ್ಲೆಂಡಿನ ಶಾಖೆಗಳು ಉಳಿದದ್ದು ಇಂತಹವರಿಂದಲೇ. ಮುಂದಿನ ಪಾಲನಾ ಮಂಡಳಿಯ ಸಭೆಯಲ್ಲಿ ಕ್ರೀಡೆಯ ವಿಷಯ ಬಂದಾಗ ಬಹುಮಾನದ ಮೊತ್ತ ಎಷ್ಟು ಎಂದು ಕೇಳುವ ಮೊದಲು, ಮಕ್ಕಳನ್ನು ಮೈದಾನಕ್ಕೆ ಕರೆದುಕೊಂಡು ಹೋಗುವವರು ಯಾರು ಎಂದು ಕೇಳೋಣ. ಪಕ್ಕದ ಮನೆಯ ಬೇರೆ ಧರ್ಮದ ಹುಡುಗನಿಗೂ ಆ ತಂಡದಲ್ಲಿ ಜಾಗವಿದೆಯೇ ಎಂದೂ ಕೇಳೋಣ.