ಮಳೆಯಲ್ಲಿ ಎಲೆಕ್ಟ್ರಿಕ್ ಕಾರು ಚಾರ್ಜ್ ಮಾಡಿದರೆ ಶಾಕ್ ಹೊಡೆಯುತ್ತದೆಯೇ?

ಮಳೆಗಾಲ ಬಂತೆಂದರೆ ವಾಟ್ಸಾಪ್ ಗುಂಪುಗಳಲ್ಲಿ ಇಂಥ ಎಚ್ಚರಿಕೆಗಳು ಹರಿದಾಡುತ್ತವೆ: ‘ಮಳೆಯಲ್ಲಿ ಎಲೆಕ್ಟ್ರಿಕ್ ಕಾರು ಚಾರ್ಜ್‌ಗೆ ಹಾಕಬೇಡಿ, ಮುಟ್ಟಿದರೆ ಶಾಕ್ ಖಚಿತ.’ ನೀರು ಮತ್ತು ಕರೆಂಟು ಸೇರಿದರೆ ಅಪಾಯ ಎಂದು ಚಿಕ್ಕಂದಿನಿಂದ ಕೇಳಿರುವ ನಮಗೆ ಇದನ್ನು ನಂಬುವುದು ಸುಲಭ. ಇದರಲ್ಲಿ ನಿಜವೆಷ್ಟು? ನೋಡೋಣ.

ಗನ್ ಒದ್ದೆಯಾದರೆ?

ಕಾರು ಮತ್ತು ಅದರ ಚಾರ್ಜಿಂಗ್ ಗನ್ ಮಳೆಯನ್ನು ತಡೆದುಕೊಳ್ಳುವಂತೆಯೇ ತಯಾರಾಗಿರುತ್ತವೆ. ಭಾರತದಲ್ಲಿ ಕಾರುಗಳ ಎಸಿ ಚಾರ್ಜಿಂಗ್‌ಗೆ ಸಾಮಾನ್ಯವಾಗಿ ಬಳಸುವುದು ಟೈಪ್-2 ಗನ್. ಇದರ 7 ಪಿನ್‌ಗಳಲ್ಲಿ ಎರಡು ಸಣ್ಣವು. ಅವುಗಳ ಕೆಲಸ ಕಾರು ಮತ್ತು ಚಾರ್ಜರ್ ನಡುವೆ ಸಂಕೇತ ಸಾಗಿಸುವುದು. ಗನ್ ಸರಿಯಾಗಿ ಕೂತಿದೆ, ಕಾರು ಚಾರ್ಜ್‌ಗೆ ಸಿದ್ಧವಿದೆ ಎಂದು ಖಾತ್ರಿಯಾದ ಮೇಲಷ್ಟೇ ಚಾರ್ಜರ್ ಕರೆಂಟು ಬಿಡುತ್ತದೆ. ಅಂದರೆ ನಿಮ್ಮ ಕೈಯಲ್ಲಿರುವಾಗ ಗನ್‌ನ ದಪ್ಪ ಪಿನ್‌ಗಳಲ್ಲಿ ಕರೆಂಟೇ ಇರುವುದಿಲ್ಲ. ತೆಗೆಯುವಾಗಲೂ ಅಷ್ಟೇ: ಮೊದಲು ಪೂರೈಕೆ ನಿಲ್ಲುತ್ತದೆ, ಆಮೇಲೆ ಗನ್ ಕಳಚಿಕೊಳ್ಳುತ್ತದೆ.

ಹಾಗಾದರೆ ಅಪಾಯ ಎಲ್ಲಿದೆ?

ಗೋಡೆಯ ಕಡೆ. ಮನೆಯಲ್ಲಿ ಹಲವರು ಪೋರ್ಟಬಲ್ ಚಾರ್ಜರನ್ನು 16 ಆಂಪ್ ಸಾಕೆಟ್‌ಗೆ ಹಾಕುತ್ತಾರೆ. 30 ಯೂನಿಟ್ ಬ್ಯಾಟರಿ ತುಂಬಲು ಸುಮಾರು 10 ಗಂಟೆ ಬೇಕು. ಅಷ್ಟೂ ಹೊತ್ತು ದೊಡ್ಡ ಗೀಸರ್ ಉರಿಸಿದಷ್ಟು ಕರೆಂಟು ಹರಿಯುತ್ತದೆ. ಗನ್‌ಗೆ ಇರುವ ಮಳೆ ರಕ್ಷಣೆ ಮನೆಯ ಸಾಮಾನ್ಯ ಸಾಕೆಟ್‌ಗೆ ಇರುವುದಿಲ್ಲ. ಕಿಟಕಿಯಿಂದ ಎಳೆದ ಎಕ್ಸ್‌ಟೆನ್ಶನ್ ಬೋರ್ಡ್ ಅಂಗಳದ ನೀರಿನಲ್ಲಿ ಬಿದ್ದಿದ್ದರೆ ಆ ಫಾರ್ವರ್ಡ್ ಹೇಳುವ ಅಪಾಯ ನಿಜವೇ ಆಗುತ್ತದೆ.

‘ಎಂಸಿಬಿ ಇದೆಯಲ್ಲ’ ಎಂದು ಸುಮ್ಮನಾಗಬೇಡಿ. ಎಂಸಿಬಿ ಟ್ರಿಪ್ ಆಗುವುದು ಲೋಡ್ ಹೆಚ್ಚಾದಾಗ ಅಥವಾ ಶಾರ್ಟ್ ಆದಾಗ. ಮೈಮೂಲಕ ನೆಲಕ್ಕೆ ಸೋರುವ ಅಲ್ಪ ಕರೆಂಟು ಅದಕ್ಕೆ ಕಾಣುವುದಿಲ್ಲ. ಅದನ್ನು ಗುರುತಿಸಿ ಕ್ಷಣಾರ್ಧದಲ್ಲಿ ಪೂರೈಕೆ ಕಡಿಯುವುದು ಆರ್‌ಸಿಸಿಬಿ. ಮನೆಗೆ 30 ಮಿಲಿಆಂಪ್‌ನದು ಬೇಕು.

ನೆರೆ ನೀರಿನ ಮಾತೇ ಬೇರೆ

ಹಲವು ಕಾರುಗಳ ಬ್ಯಾಟರಿಗೆ ಐಪಿ67 ದರ್ಜೆ ಇರುತ್ತದೆ. 1 ಮೀಟರ್ ನೀರಿನಲ್ಲಿ 30 ನಿಮಿಷ ಇದ್ದರೂ ಹಾನಿಯಾಗುವಷ್ಟು ನೀರು ಒಳಹೋಗಬಾರದು ಎಂಬುದು ಇದರ ಅರ್ಥ. ರಾತ್ರಿಯಿಡೀ ಮುಳುಗಿದ ಕಾರಿಗೆ ಈ ಭರವಸೆ ಸಾಲದು. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಬೇಸ್‌ಮೆಂಟ್‌ಗಳಿಗೇ ನೀರು ನುಗ್ಗಿದ್ದು ನೆನಪಿರಬಹುದು. ಹಾಗೆ ಮುಳುಗಿದ ಕಾರನ್ನು ಸ್ಟಾರ್ಟ್ ಮಾಡಬೇಡಿ, ಚಾರ್ಜ್‌ಗೂ ಹಾಕಬೇಡಿ. ಒಳಗೆ ನೀರು ಸೇರಿದ ಬ್ಯಾಟರಿ ಕೆಲವು ದಿನಗಳ ನಂತರವೂ ಹೊತ್ತಿಕೊಳ್ಳಬಹುದು. ಸರ್ವಿಸ್ ಸೆಂಟರ್‌ಗೆ ಕರೆ ಮಾಡಿ.

ಏನು ಮಾಡಬೇಕು?

• ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ಮತ್ತು ಆರ್‌ಸಿಸಿಬಿ ಪರೀಕ್ಷಿಸಿ.
• ಎಕ್ಸ್‌ಟೆನ್ಶನ್ ಬೋರ್ಡ್ ಬೇಡ. ಸಾಕೆಟ್ ಮತ್ತು ಚಾರ್ಜರ್ ಪೆಟ್ಟಿಗೆ ನೆಲದಿಂದ ಮೇಲೆ, ಮಳೆ ಬೀಳದ ಕಡೆ ಇರಲಿ.
• ಕೇಬಲ್ ಬಿರುಕು ಬಿಟ್ಟಿದ್ದರೆ, ಪಿನ್ ಕರಕಲಾಗಿದ್ದರೆ ಬಳಸಬೇಡಿ.
• ಗುಡುಗು ಮಿಂಚಿನ ಸೂಚನೆ ಇದ್ದರೆ ಮೊದಲೇ ಪ್ಲಗ್ ತೆಗೆದುಬಿಡಿ. ಸಿಡಿಲಿನಿಂದ ಲೈನ್‌ನಲ್ಲಿ ವೋಲ್ಟೇಜ್ ಏರಿದರೆ ಚಾರ್ಜರ್ ಸುಡಬಹುದು. ಮಿಂಚು ಶುರುವಾದ ಮೇಲೆ ತೆಗೆಯಲು ಹೊರಗೆ ಓಡಬೇಡಿ.
• ಸ್ಕೂಟರ್ ಚಾರ್ಜರ್‌ಗಳಲ್ಲಿ ಕೆಲವು ಮನೆಯೊಳಗಿನ ಬಳಕೆಗೆ ಮಾತ್ರ. ಮ್ಯಾನ್ಯುಯಲ್ ನೋಡಿ.

ಒಟ್ಟಿನಲ್ಲಿ, ‘ಮಳೆಯಲ್ಲಿ ಚಾರ್ಜ್ ಮಾಡಿದರೆ ಶಾಕ್ ಖಚಿತ’ ಎಂಬುದು ತಪ್ಪು. ಸರಿಯಾದ ಅರ್ಥಿಂಗ್ ಇಲ್ಲದ ಮನೆಯಲ್ಲಿ, ಒದ್ದೆ ಬೋರ್ಡ್‌ನಿಂದ ಚಾರ್ಜ್ ಮಾಡುವುದು ಅಪಾಯ ಎಂಬುದು ಸರಿ. ಮುಂದಿನ ಬಾರಿ ಆ ಸಂದೇಶ ಬಂದರೆ, ಫಾರ್ವರ್ಡ್ ಮಾಡುವ ಮೊದಲು ನಿಮ್ಮ ಮನೆಯ ಮೀಟರ್ ಬೋರ್ಡ್‌ನಲ್ಲಿ ಆರ್‌ಸಿಸಿಬಿ ಇದೆಯೇ ನೋಡಿ.