ಕಪಾಟಿಗೆ ಬಂದ ಡೆಲ್ಟಿಕ್

ಬ್ರಿಟನ್ನಿನ ಡೆಲ್ಟಿಕ್ ರೈಲು ಎಂಜಿನ್‌ಗಳು ಇದ್ದದ್ದೇ ಒಟ್ಟು 22. 1961 ಮತ್ತು 62ರಲ್ಲಿ ಹಳಿಗಿಳಿದ ಅವು 1982ರ ಜನವರಿ 2ರಂದು ಕೊನೆಯ ಬೀಳ್ಕೊಡುಗೆ ರೈಲನ್ನು ಎಳೆದವು. ಆದರೆ ಅವುಗಳ ಪುಟ್ಟ ಮಾದರಿಗಳನ್ನು ಕೂಡಿಡುವವರ ಕಪಾಟಿನಲ್ಲಿ ಡೆಲ್ಟಿಕ್‌ಗಳ ಸಂಖ್ಯೆ 22ನ್ನು ದಾಟಿ ಎಲ್ಲೋ ಹೋಗಿರುತ್ತದೆ. ಕಾರಣ ಸರಳ. ಒಂದೊಂದು ಎಂಜಿನ್ನೂ ತನ್ನ ಇಪ್ಪತ್ತು ವರ್ಷಗಳ ದುಡಿಮೆಯಲ್ಲಿ ಹಲವು ವೇಷ ತೊಟ್ಟಿದೆ. ಸಂಗ್ರಾಹಕರ ಕಣ್ಣಿಗೆ ಪ್ರತಿ ವೇಷವೂ ಒಂದು ಬೇರೆ ಎಂಜಿನ್.

ಮ್ಯೂಸಿಯಂನಲ್ಲಿ ಉಳಿದ ನಿಜವಾದ ಎಂಜಿನ್‌ಗೆ ಒಂದು ಸಲಕ್ಕೆ ಒಂದೇ ಬಣ್ಣ ಬಳಿಯಬಹುದು. 1962ರ ಹಸಿರು ಬಳಿದರೆ 1979ರ ನೀಲಿ ಅಳಿಯುತ್ತದೆ. ಅದರ ಬಾಳಿನ ಎಲ್ಲ ವರ್ಷಗಳೂ ಒಟ್ಟಿಗೆ ನಿಲ್ಲಲು ಜಾಗವಿರುವುದು ಕಪಾಟಿನ ಮೇಲೆ ಮಾತ್ರ. ಈ ಹವ್ಯಾಸವನ್ನು ದೊಡ್ಡವರ ಆಟಿಕೆ ಎಂದು ತಳ್ಳಿಹಾಕುವವರು ಈ ಸಾಲನ್ನೊಮ್ಮೆ ಸಾವಧಾನವಾಗಿ ನೋಡಬೇಕು. ಒಂದು ಯಂತ್ರದ ಚರಿತ್ರೆಯನ್ನು ಇಸವಿವಾರು ಕಾಪಿಟ್ಟ ದಾಖಲೆ ಅದು ಎಂದೇ ನನ್ನ ನಂಬಿಕೆ.

ಡೆಲ್ಟಿಕ್‌ನ ಹೃದಯ ಮೊದಲು ಮಿಡಿದದ್ದು ಸಮುದ್ರದಲ್ಲಿ. ಎರಡನೇ ಮಹಾಯುದ್ಧ ಮುಗಿದ ಹೊಸತರಲ್ಲಿ ಬ್ರಿಟಿಷ್ ನೌಕಾಪಡೆಗೆ ವೇಗದ ಗಸ್ತು ದೋಣಿಗಳಿಗೆ ಹೊಂದುವಂಥ, ಹಗುರವೂ ಬಲಶಾಲಿಯೂ ಆದ ಡೀಸೆಲ್ ಎಂಜಿನ್ ಬೇಕಾಗಿತ್ತು. ಪೆಟ್ರೋಲ್ ತುಂಬಿದ ದೋಣಿಗೆ ಗುಂಡು ತಗುಲಿದರೆ ಕ್ಷಣದಲ್ಲಿ ಹೊತ್ತಿಕೊಳ್ಳುತ್ತದೆ ಎಂಬುದನ್ನು ಯುದ್ಧ ಕಲಿಸಿತ್ತು. ನೇಪಿಯರ್ ಕಂಪನಿಯ ಎಂಜಿನಿಯರುಗಳು ಸಿಲಿಂಡರ್‌ಗಳನ್ನು ತಲೆಕೆಳಗಾದ ತ್ರಿಕೋನದಲ್ಲಿ ಜೋಡಿಸಿ, ಮೂರು ಮೂಲೆಗಳಿಗೂ ಒಂದೊಂದು ಕ್ರ್ಯಾಂಕ್‌ಶಾಫ್ಟ್ ಕೂರಿಸಿದರು. ಪ್ರತಿ ಸಿಲಿಂಡರಿನೊಳಗೂ ಎದುರುಬದುರಾಗಿ ಓಡುವ ಎರಡೆರಡು ಪಿಸ್ಟನ್. ಒಟ್ಟು 18 ಸಿಲಿಂಡರ್, 36 ಪಿಸ್ಟನ್. ಸಿಲಿಂಡರ್ ಹೆಡ್ಡೂ ಇಲ್ಲ, ವಾಲ್ವೂ ಇಲ್ಲ. ಗ್ರೀಕರ ಡೆಲ್ಟಾ ಅಕ್ಷರದ ಆಕಾರವಿದ್ದುದರಿಂದ ಈ ಹೆಸರು ಬಂತು. ಬ್ರಿಟನ್ನಿನ ಟನ್ ವರ್ಗದ ಮೈನ್‌ಸ್ವೀಪರ್ ಹಡಗುಗಳಿಗೂ ಮುಂದೆ ಇದೇ ಎಂಜಿನ್ ಹತ್ತಿತು. 1950ರ ದಶಕದಲ್ಲಿ ಆ ವರ್ಗದ ಕೆಲವು ಹಡಗುಗಳನ್ನು ಭಾರತವೂ ಕೊಂಡಿತು. ಅವುಗಳಲ್ಲೊಂದಕ್ಕೆ ನಮ್ಮ ಕಾರವಾರದ ಹೆಸರಿತ್ತು.

ನೇಪಿಯರ್‌ನ ಒಡೆತನವಿದ್ದ ಇಂಗ್ಲಿಷ್ ಎಲೆಕ್ಟ್ರಿಕ್ ಕಂಪನಿ 1955ರಲ್ಲಿ ಇಂಥ ಎರಡು ಎಂಜಿನ್‌ಗಳನ್ನು ಒಂದೇ ಲೋಕೊಮೋಟಿವ್‌ನೊಳಗೆ ಇಟ್ಟಿತು. ಒಟ್ಟು ಶಕ್ತಿ 3,300 ಅಶ್ವಶಕ್ತಿ. ಒಂಟಿ ಡೀಸೆಲ್ ಲೋಕೊ ಆಗಿ ಜಗತ್ತಿನಲ್ಲಿ ಅದನ್ನು ಮೀರಿಸುವುದು ಆಗ ಇನ್ನೊಂದಿರಲಿಲ್ಲ. ತಿಳಿನೀಲಿ ಮೈ, ಮೂತಿಯ ಮೇಲೆ ಮೀಸೆ ತಿದ್ದಿದಂಥ ಕೆನೆಬಣ್ಣದ ಪಟ್ಟೆಗಳು, ಪಕ್ಕದಲ್ಲಿ ದಪ್ಪಕ್ಷರದಲ್ಲಿ ‘ಡೆಲ್ಟಿಕ್’. ಪ್ರಯೋಗಕ್ಕೆಂದು ಓಡಿದ ಈ ಒಂಟಿ ಎಂಜಿನ್ ನೋಡಿಯೇ ರೈಲ್ವೆಯವರು ಲಂಡನ್ನಿನ ಕಿಂಗ್ಸ್ ಕ್ರಾಸ್‌ನಿಂದ ಎಡಿನ್‌ಬರೋವರೆಗಿನ ಮುಖ್ಯ ರೈಲುಮಾರ್ಗಕ್ಕೆ 22 ಎಂಜಿನ್‌ಗಳಿಗೆ ಆರ್ಡರ್ ಕೊಟ್ಟರು. ಗಂಟೆಗೆ 160 ಕಿಲೋಮೀಟರ್ ಓಡುತ್ತಿದ್ದ ಈ 22, ಅಲ್ಲಿದ್ದ 55 ಉಗಿ ಎಂಜಿನ್‌ಗಳ ಕೆಲಸವನ್ನು ಹೊತ್ತುಕೊಂಡವು.

ಸಂಗ್ರಾಹಕರ ಲೋಕ ಶುರುವಾಗುವುದು ಹೆಸರುಗಳಿಂದ. 22ರಲ್ಲಿ ಎಂಟು ಎಂಜಿನ್‌ಗಳು ಲಂಡನ್ನಿನ ಫಿನ್ಸ್‌ಬರಿ ಪಾರ್ಕ್ ಶೆಡ್ಡಿನವು. ಅವಕ್ಕೆ ರೇಸ್ ಗೆದ್ದ ಕುದುರೆಗಳ ಹೆಸರು. ಸೇಂಟ್ ಪ್ಯಾಡಿ, ಮೆಲ್ಡ್, ಪಿನ್ಜಾ, ಅಲಿಸಿಡಾನ್, ಕ್ರೆಪೆಲ್ಲೊ, ಟುಲ್ಯಾರ್, ಬ್ಯಾಲಿಮಾಸ್, ನಿಂಬಸ್. ಎಡಿನ್‌ಬರೋದ ಹೇಮಾರ್ಕೆಟ್ ಶೆಡ್ಡಿನ ಎಂಟಕ್ಕೆ ಸ್ಕಾಟ್ಲೆಂಡಿನ ಸೇನಾ ರೆಜಿಮೆಂಟ್‌ಗಳ ಹೆಸರು, ಗೇಟ್ಸ್‌ಹೆಡ್ ಶೆಡ್ಡಿನ ಆರಕ್ಕೆ ಉತ್ತರ ಇಂಗ್ಲೆಂಡಿನ ರೆಜಿಮೆಂಟ್‌ಗಳ ಹೆಸರು. ಕುದುರೆಗಳನ್ನಷ್ಟೇ ಕೂಡಿಸುವವರಿದ್ದಾರೆ, ಒಂದು ಶೆಡ್ಡಿನದನ್ನಷ್ಟೇ ಕೂಡಿಸುವವರಿದ್ದಾರೆ. ಅಜ್ಜನೋ ಅಪ್ಪನೋ ಸೇವೆ ಸಲ್ಲಿಸಿದ ರೆಜಿಮೆಂಟಿನ ಒಂದೇ ಒಂದು ಎಂಜಿನ್ನನ್ನು, ಅದರ ಎಲ್ಲ ಬಣ್ಣಗಳಲ್ಲಿ ಬೇಕೆನ್ನುವವರೂ ಇದ್ದಾರೆ.

ಒಂದು ಮಾದರಿಯನ್ನು ಕೈಗೆತ್ತಿಕೊಂಡರೆ ಅದು ಯಾವ ಇಸವಿಯದೆಂದು ಹೇಳುವುದು ಈ ಮಂದಿಯ ವಿದ್ಯೆ. ಬ್ರಿಟನ್ನಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಡಬಲ್ ಓ ಅಳತೆಯಲ್ಲಿ ಡೆಲ್ಟಿಕ್ ಉದ್ದ ಸುಮಾರು 278 ಮಿಲಿಮೀಟರ್. ಮೊದಲು ನೋಡಬೇಕಾದ್ದು ಮೈಬಣ್ಣ. ಕೆಳಗಂಚಿಗೆ ತಿಳಿಹಸಿರು ಪಟ್ಟಿಯಿರುವ ಕಡುಹಸಿರಾದರೆ ಅದು ಅರವತ್ತರ ದಶಕ. ಮೂತಿಯ ಮೇಲೆ ಅರ್ಧ ಹಳದಿ ಇಲ್ಲದಿದ್ದರೆ ಇನ್ನೂ ಹೊಸದಾಗಿದ್ದ ಕಾಲ. ಪೂರ್ತಿ ನೀಲಿ, ಮೂತಿ ಪೂರ್ತಿ ಹಳದಿ ಎಂದರೆ ಅರವತ್ತರ ದಶಕದ ಕೊನೆಯಿಂದ ಈಚೆಗೆ. ಆಮೇಲೆ ನಂಬರ್. ಮುಂದೆ ‘ಡಿ’ ಅಕ್ಷರವಿರುವ ಡಿ9009, ಅಕ್ಷರ ಬಿದ್ದುಹೋದ 9009, ಎಪ್ಪತ್ತರ ದಶಕದ ಕಂಪ್ಯೂಟರ್ ಪದ್ಧತಿಯ 55 009: ಮೂರೂ ಒಂದೇ ಎಂಜಿನ್. ಡಿ9000ಕ್ಕೆ ಮಾತ್ರ ಸೊನ್ನೆಯ ಸ್ಥಾನ ಸಿಗದೆ ಸಾಲಿನ ಕೊನೆಗೆ ಹೋಗಿ 55 022 ಆಯಿತು.

ಸೂಕ್ಷ್ಮ ಇರುವುದು ಮೂತಿಯ ಮೇಲಿನ ಪುಟ್ಟ ಪೆಟ್ಟಿಗೆಯಲ್ಲಿ. ಯಾವ ರೈಲು ಬರುತ್ತಿದೆಯೆಂದು ಸಿಗ್ನಲ್‌ಮನ್‌ಗೆ ತಿಳಿಸುವ ನಾಲ್ಕು ಅಕ್ಷರ-ಅಂಕಿಗಳ ಹೆಡ್‌ಕೋಡ್ ಅಲ್ಲಿ ತೋರುತ್ತಿತ್ತು. 1976ರಲ್ಲಿ ಈ ಪದ್ಧತಿ ನಿಂತಾಗ ಎಲ್ಲವನ್ನೂ 0000ಕ್ಕೆ ತಿರುಗಿಸಿಟ್ಟರು. ನಂತರ ಪೆಟ್ಟಿಗೆಯನ್ನೇ ಮುಚ್ಚಿ, ಕಪ್ಪು ತಗಡಿನ ಮೇಲೆ ಎರಡು ಬಿಳಿ ದೀಪದ ಚುಕ್ಕಿಗಳನ್ನು ಉಳಿಸಿದರು. ಅಂಗುಲದ ಒಂದಂಶದಷ್ಟಿರುವ ಆ ಜಾಗ ನೋಡಿ ಮಾದರಿಯ ಕಾಲವನ್ನು ಎರಡು ಮೂರು ವರ್ಷಗಳ ಅಂತರದಲ್ಲಿ ಹೇಳಿಬಿಡಬಹುದು. ಕ್ಯಾಬಿನ ಕಿಟಕಿಗಳ ಸುತ್ತ ಬಿಳಿ ಚೌಕಟ್ಟಿದ್ದರೆ ಕೆಲಸ ಇನ್ನೂ ಸುಲಭ. ಅದು 1979ರಿಂದಾಚೆಗೆ ಫಿನ್ಸ್‌ಬರಿ ಪಾರ್ಕ್ ಶೆಡ್ಡಿನವರು ತಮ್ಮ ಎಂಜಿನ್‌ಗಳಿಗೆ ಅಕ್ಕರೆಯಿಂದ ಬಳಿದ ಗುರುತು. ಹೈಸ್ಪೀಡ್ ರೈಲುಗಳು ಬಂದು ಡೆಲ್ಟಿಕ್‌ಗಳು ಎರಡನೇ ಸಾಲಿಗೆ ಸರಿದಿದ್ದ ದಿನಗಳವು. ಶೆಡ್ ಮುಚ್ಚಿ ಎಂಜಿನ್‌ಗಳು ಯಾರ್ಕ್‌ಗೆ ಹೋದಾಗ ಆ ಬಿಳಿಯೂ ಹೋಯಿತು. ನನಗೆ ಎಲ್ಲಕ್ಕಿಂತ ಇಷ್ಟವಾದ ವೇಷ ಇದೇ. ಮೇಲಿನವರ ಆದೇಶವಿಲ್ಲದೆ, ಕೆಲಸಗಾರರು ತಮ್ಮ ಯಂತ್ರದ ಮೇಲಿನ ಅಭಿಮಾನಕ್ಕೆ ಹಚ್ಚಿದ ಬಣ್ಣ ಅದು.

ಡೆಲ್ಟಿಕ್ ಮಾದರಿಗಳಿಗೆ ಡೆಲ್ಟಿಕ್‌ನಷ್ಟೇ ವಯಸ್ಸು. ಅರವತ್ತರ ದಶಕದ ಆರಂಭದಲ್ಲೇ ಲಿವರ್‌ಪೂಲಿನ ಮೆಕ್ಯಾನೊ ಕಂಪನಿ ಹಾರ್ನ್‌ಬಿ ಡಬ್ಲೊ ಹೆಸರಿನಲ್ಲಿ ಎರಡು ಹಳಿಯ ವ್ಯವಸ್ಥೆಗೆ ‘ಕ್ರೆಪೆಲ್ಲೊ’, ಮೂರು ಹಳಿಯದಕ್ಕೆ ‘ಸೇಂಟ್ ಪ್ಯಾಡಿ’ ತಂದಿತ್ತು. ಮಕ್ಕಳ ಕೈಗೆಂದು ಮಾಡಿದ್ದು, ಆಕಾರ ಒರಟು. ಡಬ್ಬಿಸಮೇತ ಉಳಿದವಕ್ಕೆ ಈಗ ದೊಡ್ಡವರ ಬೇಡಿಕೆ. ಅಲ್ಲಿಂದೀಚೆಗೆ ಲಿಮಾ, ಬಾಕ್‌ಮನ್, ಐರ್ಲೆಂಡ್ ಮೂಲದ ಆಕ್ಯುರಾಸ್ಕೇಲ್‌ವರೆಗೆ ಒಬ್ಬೊಬ್ಬರದೂ ಒಂದೊಂದು ಡೆಲ್ಟಿಕ್.

ಡಬಲ್ ಓ ಅಳತೆಯಲ್ಲಿ ಒಂದು ಹಳೆಯ ರಾಜಿ ಅಡಗಿದೆ. ಅಡಿಗೆ ನಾಲ್ಕು ಮಿಲಿಮೀಟರ್ ಲೆಕ್ಕದಲ್ಲಿ, ಅಂದರೆ 1:76ರ ಆಸುಪಾಸಿನಲ್ಲಿ, ಹಳಿಗಳ ನಡುವಿನ ಅಂತರ 18.83 ಮಿಲಿಮೀಟರ್ ಇರಬೇಕು. ಮಾರುಕಟ್ಟೆಯ ಹಳಿಯಲ್ಲಿರುವುದು 16.5. ಯುರೋಪಿನ ಉಳಿದ ಕಡೆ ನಡೆಯುವ ಎಚ್‌ಓ ಅಳತೆಯ ಹಳಿ ಅದು. ಬ್ರಿಟನ್ನಿನ ಎಂಜಿನ್‌ಗಳ ಒಡಲು ಕಿರಿದು. ಎಚ್‌ಓ ಅಳತೆಯಲ್ಲಿ ಮಾಡಿದರೆ ಆ ಕಾಲದ ಮೋಟಾರ್ ಒಳಗೆ ಹಿಡಿಯುತ್ತಿರಲಿಲ್ಲ. ಹಾಗಾಗಿ ಒಡಲನ್ನು ಹಿಗ್ಗಿಸಿ ಹಳಿಯನ್ನು ಹಾಗೇ ಬಿಟ್ಟರು. ಎದುರಿನಿಂದ ನೋಡಿದರೆ ಎಂಜಿನ್ ಕಾಲು ಹತ್ತಿರ ಹತ್ತಿರ ಇಟ್ಟು ನಿಂತಂತೆ ಕಾಣುವುದು ಇದರಿಂದಲೇ. ಇದನ್ನು ಸಹಿಸದವರು ಗಾಲಿ ಕಿತ್ತು ಸರಿಯಾದ ಅಂತರಕ್ಕೆ ಕೂರಿಸಿ, ಹಳಿಯನ್ನೂ ಕೈಯಾರೆ ಹಾಕಿಕೊಳ್ಳುತ್ತಾರೆ.

ಇನ್ನು ‘ಎಕ್ಸ್‌ಕ್ಲೂಸಿವ್’ ಮಾದರಿಗಳ ವಿಷಯ. ಒಡಲು ಹುಟ್ಟುವುದು ಉಕ್ಕಿನ ಅಚ್ಚಿನಿಂದ. ಅಚ್ಚು ಕೊರೆಸುವುದು ಭಾರಿ ಖರ್ಚಿನ ಬಾಬ್ತು, ಹಾಗಾಗಿ ಒಂದೇ ಅಚ್ಚಿನಿಂದ ಹತ್ತಾರು ಬಣ್ಣ, ನಂಬರ್‌ಗಳ ಎಂಜಿನ್ ತೆಗೆದರೇ ಕಂಪನಿಗೆ ಗಿಟ್ಟುವುದು. ಒಂದು ಅಂಗಡಿಯೋ ಮ್ಯೂಸಿಯಮ್ಮೋ ಸಂಘವೋ ಬಂದು, ಇಂಥ ನಂಬರ್, ಇಂಥ ವರ್ಷದ ರೂಪ, ಇಷ್ಟು ನಗ ನಮಗಷ್ಟೇ ಮಾಡಿಕೊಡಿ ಎಂದು ಮುಂಗಡ ಕೊಡುತ್ತದೆ. ಅದೇ ಎಕ್ಸ್‌ಕ್ಲೂಸಿವ್. ಕೆಲವು ನೂರು ನಗ ಮಾಡಿ, ಕ್ರಮಸಂಖ್ಯೆಯಿರುವ ಪ್ರಮಾಣಪತ್ರ ಇಟ್ಟು, ಆ ಒಂದೇ ಕೌಂಟರಿನಲ್ಲಿ ಮಾರುತ್ತಾರೆ.

ಇದರಲ್ಲಿ ಮೆಚ್ಚಬೇಕಾದ ಉದಾಹರಣೆ 1955ರ ಆ ತಿಳಿನೀಲಿ ಒಂಟಿ ಎಂಜಿನ್ನಿನದು. 1963ರಲ್ಲಿ ಅದು ಲಂಡನ್ನಿನ ಸೈನ್ಸ್ ಮ್ಯೂಸಿಯಂ ಸೇರಿತ್ತು, ಮುಂದೆ ರಾಷ್ಟ್ರೀಯ ರೈಲ್ವೆ ಮ್ಯೂಸಿಯಮ್ಮಿಗೆ ಬಂತು. ಉಳಿದ 22ಕ್ಕಿಂತ ಅದರ ಮೈಕಟ್ಟು ಬೇರೆ, ಇದ್ದ ಅಚ್ಚುಗಳು ಕೆಲಸಕ್ಕೆ ಬರುವುದಿಲ್ಲ. ಒಂದೇ ಒಂದು ಎಂಜಿನ್ನಿಗಾಗಿ ಹೊಸ ಅಚ್ಚು ಕೊರೆಸುವುದು ವ್ಯಾಪಾರದ ಬುದ್ಧಿಗೆ ಒಗ್ಗದ ಮಾತು. ಮ್ಯೂಸಿಯಂ ತಾನೇ ಮುಂದೆ ನಿಂತು ಬಾಕ್‌ಮನ್ ಕಂಪನಿಯಿಂದ 2007ರಲ್ಲಿ ಅದರ ಡಬಲ್ ಓ ಮಾದರಿ ಮಾಡಿಸಿ ತಾನೇ ಮಾರಿತು. ನಿಜವಾದ ಎಂಜಿನ್ ಕೈಯಳತೆಯಲ್ಲೇ ಇದ್ದುದರಿಂದ ಅಳತೆಗೂ ಬಣ್ಣಕ್ಕೂ ಮೂಲ ಸಾಕ್ಷಿ ಎದುರಿಗಿತ್ತು. ಎಕ್ಸ್‌ಕ್ಲೂಸಿವ್ ಎಂಬುದಕ್ಕೆ ಗೌರವ ಬರುವುದು ಇಂಥ ಕಡೆ.

ಎಲ್ಲವೂ ಹೀಗಿರುವುದಿಲ್ಲ. ಮಾಮೂಲಿ ಒಡಲಿಗೆ ನಂಬರ್ ಮಾತ್ರ ಬದಲಿಸಿ, ಚಿನ್ನದಕ್ಷರದ ಪ್ರಮಾಣಪತ್ರ ಇಟ್ಟು ಬೆಲೆ ಏರಿಸುವ ನಗಗಳೂ ಬರುತ್ತವೆ. ಹೊಸದಾಗಿ ಕೊಳ್ಳುವವರಿಗೆ ನಾನು ಹೇಳುವುದು, ಪತ್ರದಲ್ಲಿರುವ ಕ್ರಮಸಂಖ್ಯೆಯನ್ನು ಆಮೇಲೆ ನೋಡಿ, ಮೊದಲು ಎಂಜಿನ್ನಿನ ಛಾವಣಿ ನೋಡಿ. ನಂಬರ್ ಹೇಳುವ ವರ್ಷಕ್ಕೂ ಹೆಡ್‌ಕೋಡ್ ಪೆಟ್ಟಿಗೆಗೂ ಹಾರ್ನ್‌ಗಳಿಗೂ ಛಾವಣಿಯ ಗ್ರಿಲ್‌ಗಳಿಗೂ ತಾಳೆಯಾಗುತ್ತದೆಯೇ? ತಾಳೆಯಾದರೆ ಯಾರೋ ಹಳೆಯ ಫೋಟೊಗಳ ಮುಂದೆ ರಾತ್ರಿಗಳನ್ನು ಕಳೆದಿದ್ದಾರೆಂದು ಅರ್ಥ. ಕೊಡುವ ದುಡ್ಡು ಆ ಶ್ರಮಕ್ಕೆ ಹೋಗಲಿ. ಒಳ್ಳೆಯ ಮಾದರಿಯ ಜೊತೆ ಸಣ್ಣ ಚೀಲದಲ್ಲಿ ಲೋಹದ ನಾಮಫಲಕಗಳೂ ಇರುತ್ತವೆ. ಭೂತಗನ್ನಡಿ ಹಿಡಿದರೆ ಅಕ್ಷರಗಳ ಏರು ಕಾಣುತ್ತದೆ. ಅದನ್ನು ಅಂಟಿಸುವುದೋ, ಚೀಲ ಬಿಚ್ಚದೆ ಇಡುವುದೋ ಎಂಬುದರಲ್ಲಿ ಸಂಗ್ರಾಹಕರು ಎರಡು ಪಂಗಡ. ನನ್ನ ಮತ ಅಂಟಿಸುವವರ ಕಡೆಗೆ.

ಈಚಿನ ಮಾದರಿಗಳಿಗೆ ದನಿಯೂ ಬಂದಿದೆ. ಉಳಿಸಿಕೊಂಡ ಎಂಜಿನ್‌ಗಳ ಸದ್ದನ್ನು ಧ್ವನಿಮುದ್ರಿಸಿ ಚಿಪ್ಪಿನಲ್ಲಿ ತುಂಬಿ, ಇಂಧನ ಟ್ಯಾಂಕಿನ ಜಾಗದಲ್ಲೋ ಛಾವಣಿಯಡಿಯೋ ಪುಟ್ಟ ಸ್ಪೀಕರ್ ಇಡುತ್ತಾರೆ. ಡೆಲ್ಟಿಕ್ ವಿಷಯದಲ್ಲಿ ಇದು ಬರಿಯ ಅಲಂಕಾರವಾಗುವುದಿಲ್ಲ, ಏಕೆಂದರೆ ಜನ ಪ್ಲಾಟ್‌ಫಾರ್ಮಿಗೆ ಬರುತ್ತಿದ್ದುದೇ ಆ ಸದ್ದಿಗೆ. ಮೊದಲು ಒಂದು ಎಂಜಿನ್ ಕೆಮ್ಮಿ ಎದ್ದು, ಹಿಂದೆಯೇ ಇನ್ನೊಂದು ಸೇರಿಕೊಳ್ಳುತ್ತದೆ. ಎರಡರ ವೇಗವೂ ಕೂದಲೆಳೆಯಷ್ಟು ಬೇರೆ ಇರುವುದರಿಂದ, ಶ್ರುತಿ ಕೂಡುವ ಮುನ್ನ ಎರಡು ತಂಬೂರಿ ಮೀಟಿದಾಗ ಅಲೆಅಲೆಯಾಗಿ ತೂಗುವ ನಾದದಂತೆ, ಏರಿಳಿಯುವ ಗುಂಯ್‌ಗಾರ ಹುಟ್ಟುತ್ತದೆ. ಒಂದೇ ಎಂಜಿನ್ನಿನ ಮುದ್ರಿಕೆಯನ್ನು ಇಮ್ಮಡಿ ಮಾಡಿದ ಚಿಪ್ಪಿನಲ್ಲಿ ಆ ತೂಗು ಇರುವುದಿಲ್ಲ.

ಕೂಡಿಟ್ಟದ್ದನ್ನು ಕಾಯುವುದೂ ಒಂದು ಕೆಲಸ. ಬಿಸಿಲಿಗೆ ನೀಲಿ ಮಾಸುತ್ತದೆ. ತೂಕಕ್ಕೆಂದು ಹಾಕುವ ಸತುವಿನ ಮಿಶ್ರಲೋಹದಲ್ಲಿ ಸೀಸ ಬೆರೆತಿದ್ದರೆ ವರ್ಷಗಳ ನಂತರ ತಳದ ಚೌಕಟ್ಟೇ ಉಬ್ಬಿ, ಬಿರುಕು ಬಿಟ್ಟು ಪುಡಿಯಾಗುತ್ತದೆ. ಇದಕ್ಕೆ ಮದ್ದಿಲ್ಲ. ಹಳೆಯದನ್ನು ಕೊಳ್ಳುವಾಗ ತಿರುಗಿಸಿ ತಳ ನೋಡುವ ರೂಢಿ ಇದರಿಂದಲೇ ಬಂದದ್ದು.

ನಮ್ಮಲ್ಲೂ ಇಂಥ ಕೆಲಸಕ್ಕೆ ಕಾದಿರುವ ಎಂಜಿನ್ ಒಂದಿದೆ. 1962ರಲ್ಲಿ ಅಮೆರಿಕದ ಆಲ್ಕೊ ಕಂಪನಿಯಿಂದ ಬಂದು, ಮುಂದೆ ವಾರಾಣಸಿಯಲ್ಲಿ ತಯಾರಾದ ಡಬ್ಲ್ಯುಡಿಎಂ-2. ಎರಡೂವರೆ ಸಾವಿರಕ್ಕೂ ಹೆಚ್ಚು ಎಂಜಿನ್‌ಗಳು, ಶೆಡ್ಡಿಗೊಂದು ಬಣ್ಣ. ಕೃಷ್ಣರಾಜಪುರದ್ದು, ಗುಂತಕಲ್ಲಿನದು, ಈರೋಡಿನದು ಎಂದು ದೂರದಿಂದಲೇ ಗುರುತು ಹಿಡಿಯುವವರು ಕರ್ನಾಟಕದ ಸ್ಟೇಷನ್ನುಗಳಲ್ಲಿ ಇಂದಿಗೂ ಸಿಗುತ್ತಾರೆ. ಇಲ್ಲೂ ಹಳಿಯ ತೊಡಕು ಇದ್ದೇ ಇದೆ. ನಮ್ಮ ಬ್ರಾಡ್‌ಗೇಜ್ 1,676 ಮಿಲಿಮೀಟರ್. ಎಚ್‌ಓ ಲೆಕ್ಕದಲ್ಲಿ ಅದು 19 ಮಿಲಿಮೀಟರಿಗೂ ಹೆಚ್ಚಾಗಬೇಕು, ಅಂಗಡಿಯಲ್ಲಿ ಸಿಗುವ ಹಳಿ 16.5. ಬಣ್ಣಗಳ ದಾಖಲೆಯಂತೂ ಬಹುಪಾಲು ಅಭಿಮಾನಿಗಳ ಫೋಟೊಗಳಲ್ಲೇ ಇದೆ. ಆ ಫೋಟೊಗಳಿಗೆ ಶೆಡ್ಡು, ನಂಬರು, ತಾರೀಖು ಬರೆದಿಡುವ ಕೆಲಸ ಈಗಲೇ ಆಗಬೇಕು.

22 ಡೆಲ್ಟಿಕ್‌ಗಳಲ್ಲಿ ಪೂರ್ತಿಯಾಗಿ ಉಳಿದವು ಆರು. ಅವುಗಳಲ್ಲಿ ಅಲಿಸಿಡಾನ್, ಟುಲ್ಯಾರ್, ರಾಯಲ್ ಹೈಲ್ಯಾಂಡ್ ಫ್ಯೂಸಿಲಿಯರ್ ಮೂರನ್ನೂ ಅಭಿಮಾನಿಗಳದೇ ಡೆಲ್ಟಿಕ್ ಪ್ರಿಸರ್ವೇಶನ್ ಸೊಸೈಟಿ ಕಾಪಾಡಿಕೊಂಡಿದೆ. ಉಳಿದ ಹದಿನಾರರಲ್ಲಿ ಎರಡರ ಕ್ಯಾಬ್‌ಗಳು ಮಾತ್ರ ಉಳಿದಿವೆ. ಮೊದಲು ಹೋದವು ಸೇಂಟ್ ಪ್ಯಾಡಿ ಮತ್ತು ನಿಂಬಸ್. 1980ರ ಜನವರಿಯಲ್ಲಿ ಪಟ್ಟಿಯಿಂದ ತೆಗೆದು, ಅವುಗಳನ್ನು ಅಷ್ಟು ವರ್ಷ ರಿಪೇರಿ ಮಾಡಿದ್ದ ಡಾನ್‌ಕಾಸ್ಟರ್ ವರ್ಕ್‌ಶಾಪಿನಲ್ಲೇ ಒಡೆದರು. ಉಳಿದುಕೊಂಡ ಎಂಜಿನ್ನಿನ ಮಾದರಿ ಮಾಡಲು ಟೇಪು ಹಿಡಿದು ಹೋದರೆ ಸಾಕು. ಪಿನ್ಜಾದ್ದೋ ಮೆಲ್ಡ್‌ನದೋ ಮಾಡಬೇಕಾದರೆ ಫೋಟೊ, ವರ್ಕ್‌ಶಾಪಿನ ನಕ್ಷೆ, ಓಡಿಸಿದವರ ನೆನಪು ಇಷ್ಟೇ ಆಧಾರ. ಮುಂದಿನ ಎಕ್ಸ್‌ಕ್ಲೂಸಿವ್‌ಗಳಿಗೆ ಮುಂಗಡ ಕೊಡುವ ಮ್ಯೂಸಿಯಂ, ಸಂಘ, ಅಂಗಡಿಗಳು ಮೊದಲು ಈ ಹದಿನಾರನ್ನು ಕೈಗೆತ್ತಿಕೊಳ್ಳಲಿ. ಆ ಚಾಲಕರೂ ಮೆಕ್ಯಾನಿಕ್‌ಗಳೂ ಈಗ ವಯಸ್ಸಾದವರು. ಯಾವ ಎಂಜಿನ್ನಿನ ಯಾವ ಬಾಗಿಲಿಗೆ ಯಾವ ವರ್ಷ ತೇಪೆ ಬಿತ್ತೆಂದು ಕೇಳಿ ಬರೆದುಕೊಳ್ಳಲು ಅವರೇ ಇರಬೇಕು.